ಬೇಸಿಗೆ ರಜೆ, ಮಕ್ಕಳು ಮತ್ತು ನೀರು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಿಜಯಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ ಪಿ.ಟಿ. ಮಾಸ್ತರ. ಹದಿನಾರು ಬೇಸಿಗೆಯಿಂದ ನಮ್ಮ ತೋಟದ ಬಾವಿಯಲ್ಲಿ ಓಣಿಯ ಮಕ್ಕಳಿಗೆ ಈಜು ಕಲಿಸುತ್ತಿದ್ದೇನೆ. ಮಾರ್ಚ್ ಮುಗಿಯುತ್ತಿದ್ದಂತೆ ಫೋನ್ ಶುರುವಾಗುತ್ತದೆ. ಬೆಂಗಳೂರಿನಿಂದ ಅಕ್ಕ, ಪುಣೆಯಿಂದ ಮಾಮಾನ ಮಗಳು, ಪಕ್ಕದ ಓಣಿಯ ಕಾಕಾ, ಎಲ್ಲರದ್ದೂ ಹೆಚ್ಚುಕಮ್ಮಿ ಅವೇ ಪ್ರಶ್ನೆ. ಪ್ರತಿ ಸಲ ಅರ್ಧ ಉತ್ತರ ಕೊಟ್ಟು ಫೋನ್ ಇಡೋದಕ್ಕಿಂತ ಒಮ್ಮೆ ಪೂರ್ತಿ ಬರೆದುಬಿಡೋಣ ಅಂತ ಕೂತೆ.

ನಮ್ಮದು ಬರದ ಜಿಲ್ಲೆ. ಮೇ ತಿಂಗಳಲ್ಲಿ ಮುಳುಗುವಷ್ಟು ನೀರು ಎಲ್ಲಿದೆ ಮಾಸ್ತರ್?

ಇದನ್ನು ಕೇಳುವವರು ಸಾಮಾನ್ಯವಾಗಿ ಅಜ್ಜ-ಅಜ್ಜಿಯರು. ಅವರ ಮಾತಿನಲ್ಲಿ ತಪ್ಪಿಲ್ಲ, ಆದರೆ ಆ ಮಾತು ಹಳೆಯದಾಯಿತು. ನಾನು ಚಿಕ್ಕವನಿದ್ದಾಗ ಏಪ್ರಿಲ್‌ನಲ್ಲಿ ನಮ್ಮೂರ ಕೆರೆಯಲ್ಲಿ ಕ್ರಿಕೆಟ್ ಆಡುತ್ತಿದ್ದೆವು. ನೀರು ಬೇಕೆಂದರೆ ಎರಡು ಕಿಲೋಮೀಟರ್ ನಡೆಯಬೇಕಿತ್ತು. ನೀರು ಸಿಕ್ಕರೆ ಸಾಕು ಅನ್ನುವ ಊರಲ್ಲಿ ನೀರಿಗೆ ಹೆದರುವ ರೂಢಿ ಎಲ್ಲಿಂದ ಬರಬೇಕು?

ಈಗ ಪರಿಸ್ಥಿತಿ ಬೇರೆ. ಆಲಮಟ್ಟಿ ಕಾಲುವೆ ಬಂತು, ಏತ ನೀರಾವರಿ ಬಂತು. ಕೆರೆ ತುಂಬಿಸುವ ಯೋಜನೆಯಿಂದ ಬಿರುಬೇಸಿಗೆಯಲ್ಲೂ ಕೆರೆಗೆ ನೀರು ಬೀಳುತ್ತದೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹೊಲಹೊಲಕ್ಕೂ ಹೊಂಡ. ದ್ರಾಕ್ಷಿ ತೋಟದವರ ಹೊಂಡಗಳಂತೂ ಸಣ್ಣ ಕೆರೆಯಷ್ಟಿವೆ. ಅಂದರೆ ಬಿಸಿಲು 40 ಡಿಗ್ರಿ ದಾಟಿ, ಶಾಲೆಗೆ ರಜೆ ಬಿದ್ದು, ಮಕ್ಕಳು ಮನೆಯಲ್ಲಿ ಕೂರದ ದಿನಗಳಲ್ಲೇ ಊರ ಸುತ್ತ ನೀರು ನಿಂತಿರುತ್ತದೆ. ಅಜ್ಜಿಯ ತಲೆಯಲ್ಲಿರುವ ಊರೇ ಬೇರೆ, ಮೊಮ್ಮಗ ಓಡಾಡುವ ಊರೇ ಬೇರೆ.

ಇನ್ನೊಂದು ಮಾತು. ಆ ಕೆರೆಗಳಲ್ಲಿ ಮೊದಲಿನ ಇಳಿಜಾರು ಉಳಿದಿಲ್ಲ. ಹೂಳೆತ್ತಲು, ಹೊಲಕ್ಕೆ ಮಣ್ಣು ಹೊಡೆಯಲು ಜೆಸಿಬಿ ಇಳಿದಿರುತ್ತದೆ. ಮೊಣಕಾಲು ನೀರಲ್ಲಿ ನಡೆಯುತ್ತಿದ್ದ ಹುಡುಗ ಮುಂದಿನ ಹೆಜ್ಜೆಗೆ ಆಳು ಮುಳುಗುವ ಗುಂಡಿಯಲ್ಲಿರುತ್ತಾನೆ. "ನಾ ಇದೇ ಕೆರ್ಯಾಗ ಬೆಳದಾಂವ" ಅನ್ನುವ ಕಾಕಾನಿಗೂ ಆ ಗುಂಡಿ ಎಲ್ಲಿದೆ ಅಂತ ಗೊತ್ತಿರೋದಿಲ್ಲ.

ಇಷ್ಟರಲ್ಲಿ ಯಾವುದಕ್ಕೆ ಜಾಸ್ತಿ ಹೆದರಬೇಕು?

ನನ್ನ ಕೇಳಿದರೆ ಕೃಷಿ ಹೊಂಡಕ್ಕೆ. ಹೊಳೆಗೂ ಬಾವಿಗೂ ಮಕ್ಕಳು ಒಂದಿಷ್ಟಾದರೂ ಅಂಜುತ್ತಾರೆ. ಹೊಂಡ ನೋಡೋಕೆ ಚೆಂದ, ನೀರು ತಿಳಿ, ಈಜುಕೊಳದ ಹಾಗೇ ಕಾಣುತ್ತದೆ.

ಅದರ ಅಪಾಯ ಆಳದಲ್ಲಷ್ಟೇ ಇಲ್ಲ. ಸಣ್ಣ ಹೊಂಡಕ್ಕೂ ಹತ್ತು ಅಡಿ ಆಳ ಇರುತ್ತದೆ ಅನ್ನೋದು ನಿಜ. ಆದರೆ ಅದಕ್ಕಿಂತ ಕೆಟ್ಟದ್ದು ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ. ಎರಡು ವರ್ಷದ ಹಿಂದೆ ಭಾವನ ಹೊಂಡದಲ್ಲಿ ನಾನೇ ಇಳಿದು ನೋಡಿದೆ. ನೀರು ಸೊಂಟಕ್ಕಿತ್ತು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮೇಲೆ ಇಬ್ಬರನ್ನು ನಿಲ್ಲಿಸಿಯೇ ಇಳಿದಿದ್ದೆ. ಹಗ್ಗ ಮುಟ್ಟದೆ ಹತ್ತಿ ಬರೋಣ ಅಂತ ನೋಡಿದರೆ ಆಗಲಿಲ್ಲ. ಹಾಳೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ಪಾಚಿ ಕಟ್ಟಿರುತ್ತದೆ. ಹೆಬ್ಬೆರಳು ಊರಿದರೆ ಜಾರುತ್ತದೆ, ಉಗುರು ಊರಿದರೂ ಜಾರುತ್ತದೆ. ನಾಲ್ಕು ಕಾಲಿನ ಮೇಲೆ ಎರಡು ಹೆಜ್ಜೆ ಏರುತ್ತಿದ್ದೆ, ಸರ್ರನೆ ಮೂರು ಹೆಜ್ಜೆ ಕೆಳಗೆ. ಐದನೇ ಸಲಕ್ಕೆ ಏದುಸಿರು ಬಂತು. ಈಜು ಕಲಿಸುವ ಮಾಸ್ತರನ ಪಾಡೇ ಇದು. ಈಜು ಬರುವ ಹುಡುಗನೂ ಹೊಂಡದಲ್ಲಿ ಹೋಗೋದು ಹೀಗೆ: ದಡ ಮುಟ್ಟುತ್ತಾನೆ, ಹತ್ತಲು ಆಗೋದಿಲ್ಲ, ದಣಿಯುತ್ತಾನೆ.

ವಿಜಯಪುರದ ತಾಜ್ ಬಾವಡಿ ಕಟ್ಟಿದ್ದು 1620ರಲ್ಲಿ. ಅಷ್ಟು ದೊಡ್ಡ ಬಾವಿಗೆ ಇಳಿಯಲು, ಹತ್ತಲು ಮೆಟ್ಟಿಲು ಇಟ್ಟೇ ಕಟ್ಟಿದ್ದಾರೆ. ನಾಲ್ಕು ನೂರು ವರ್ಷ ಆದ ಮೇಲೆ ನಾವು ಒಂದೂ ಮೆಟ್ಟಿಲಿಲ್ಲದ ಹೊಂಡ ತೋಡುತ್ತಿದ್ದೇವೆ.

ಏನು ಮಾಡಬೇಕು? ನಾಲ್ಕೂ ಬದಿಗೆ ಒಂದೊಂದು ಗಟ್ಟಿ ಗೂಟ ಹೊಡೆದು, ತಳ ಮುಟ್ಟುವಷ್ಟು ಉದ್ದದ ದಪ್ಪ ಹಗ್ಗ ಇಳಿಬಿಡಿ. ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ಗಂಟಿಲ್ಲದ ಒದ್ದೆ ನೈಲಾನ್ ಹಗ್ಗ ಕೈಗೆ ನಿಲ್ಲೋದಿಲ್ಲ. ಹಳೇ ಟೈರುಗಳನ್ನು ಕಟ್ಟಿ ಏಣಿ ಹಾಗೆ ಬಿಟ್ಟರೆ ಇನ್ನೂ ಒಳ್ಳೆಯದು. ಮುಚ್ಚಳ ಬಿಗಿದ ಖಾಲಿ ಕ್ಯಾನು ಎರಡು ನೀರ ಮೇಲೆ ತೇಲುತ್ತಿರಲಿ. ತಂತಿಬೇಲಿ ಹಾಕಿಸಿ, ಕೃಷಿ ಭಾಗ್ಯದಲ್ಲಿ ಬೇಲಿಯೂ ಸೇರಿದೆ. ಬೇಲಿಗೆ ಬಾಗಿಲು ಇಟ್ಟು ಅದನ್ನು ಸದಾ ತೆರೆದಿಡುವವರನ್ನೂ ನೋಡಿದ್ದೇನೆ, ಆ ಬೇಲಿ ಇದ್ದರೆಷ್ಟು ಬಿಟ್ಟರೆಷ್ಟು.

ಕಾಲುವೆ ಅಷ್ಟೇನೂ ಆಳ ಇರೋದಿಲ್ಲವಲ್ಲ?

ಆಳ ಬೇಕಾಗಿಲ್ಲ, ಸೆಳವು ಸಾಕು. ಎದೆಮಟ್ಟದ ನೀರು ಜೋರಾಗಿ ಹರಿದರೆ ದೊಡ್ಡವರ ಕಾಲೂ ಕಿತ್ತುಬರುತ್ತದೆ. ಬದಿಗೆ ಸಿಮೆಂಟಿನ ಇಳಿಜಾರು, ಅದೂ ಪಾಚಿ ಕಟ್ಟಿದ್ದು, ಹಿಡಿಯಲು ಒಂದು ಗರಿಕೆಯೂ ಸಿಗದು. ರಸ್ತೆ ಕೆಳಗೆ ನೀರು ಹಾಯುವ ಕಡೆ, ತೂಬಿನ ಬಾಯಿಯ ಹತ್ತಿರ ಮಗುವನ್ನು ಒಳಗೇ ಎಳೆದುಕೊಳ್ಳುತ್ತದೆ. ಬೆಳಗ್ಗೆ ಖಾಲಿ ಇದ್ದ ಕಾಲುವೆಗೆ ಮಧ್ಯಾಹ್ನ ನೀರು ಬಿಟ್ಟಿರಬಹುದು. ಅರಿವೆ ಒಗೆಯಲು ಹೋಗುವಾಗ ಮಕ್ಕಳನ್ನು ಕರೆದೊಯ್ಯಲೇಬೇಕಾದರೆ, ಒಗೆಯೋದಕ್ಕೆ ಒಬ್ಬರು, ಮಕ್ಕಳಿಗೆ ಒಬ್ಬರು. ಒಬ್ಬರೇ ಎರಡೂ ಮಾಡೋದು ಆಗದ ಮಾತು.

ಕೃಷ್ಣಾ ಹೊಳೆ, ಆಲಮಟ್ಟಿ ಹಿನ್ನೀರು?

ಬೇಸಿಗೆಯಲ್ಲಿ ಹೊಳೆ ಸಣ್ಣಗಾಗುತ್ತದೆ, ಅದಕ್ಕೇ ಮೋಸ. ಮರಳು ತೆಗೆದ ಕಡೆ ನೀರೊಳಗೆ ಗುಂಡಿಗಳಿರುತ್ತವೆ. ಮೇಲೆ ನೋಡಿದರೆ ಎಲ್ಲ ಒಂದೇ ಸಮ.

ಹಿನ್ನೀರಿನ ಕತೆ ಇನ್ನೊಂದು ಬಗೆ. ಆಲಮಟ್ಟಿಗಾಗಿ ಹಳೇ ಬಾಗಲಕೋಟೆಯ ಒಂದು ಭಾಗ, ಎಷ್ಟೋ ಹಳ್ಳಿಗಳು ನೀರಿಗೆ ಹೋದವು. ನೀರು ಇಳಿದಾಗ ಅಲ್ಲಿನ ಗೋಡೆ, ಅಡಿಪಾಯ, ಬಾವಿ ಮೇಲೆ ಕಾಣುತ್ತವೆ ಇಲ್ಲವೇ ನೀರಿಗೆ ಒಂದು ಗೇಣು ಕೆಳಗೆ ಉಳಿಯುತ್ತವೆ. ಅಲ್ಲಿ ಜಿಗಿದರೆ ತಲೆ ಒಡೆಯುತ್ತದೆ. ದಂಡೆಯ ಎರಿ ಮಣ್ಣು ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ರಾಡಿ. ಕಾಲು ಮೊಣಕಾಲವರೆಗೆ ಹೂತರೆ ಮಗು ತಾನಾಗಿ ಕೀಳಲಾರದು.

ಬ್ಯಾರೇಜುಗಳ ಕೆಳಗಂತೂ ಬೇಡವೇ ಬೇಡ. ಕುಡಿಯುವ ನೀರಿಗಾಗಿ ಬೇಸಿಗೆಯಲ್ಲೂ ಮೇಲಿಂದ ನೀರು ಬಿಡುತ್ತಾರೆ. 1989ರಲ್ಲಿ ರೈತರೇ ಕೂಡಿ ಕಟ್ಟಿದ ಚಿಕ್ಕಪಡಸಲಗಿ ಬ್ಯಾರೇಜ್ ತೋರಿಸಬೇಕೆಂದರೆ ಮಕ್ಕಳಿಗೆ ಮೇಲಿಂದ ತೋರಿಸಿ, ಆ ಕತೆ ಹೇಳಿ, ಕರೆದುಕೊಂಡು ಬನ್ನಿ. ಕೃಷ್ಣೆಯಲ್ಲಿ ಮೊಸಳೆಗಳೂ ಇವೆ, ಅದನ್ನು ನಾನು ಹೆದರಿಸಲು ಹೇಳುತ್ತಿಲ್ಲ. ಕೂಡಲಸಂಗಮದಂಥ ಕಡೆ ಸ್ನಾನ ಮಾಡಿಸುವಾಗ ಮೆಟ್ಟಿಲ ಮೇಲೆ ಕೂರಿಸಿ ತಂಬಿಗೆಯಲ್ಲಿ ನೀರು ಹಾಕಿ. ಪುಣ್ಯ ಅಷ್ಟರಲ್ಲೇ ಬರುತ್ತದೆ.

ನಮ್ಮ ಮನೆಯಲ್ಲಿರೋದು ಎರಡು ವರ್ಷದ ಕೂಸು. ಅಂಗಳ ದಾಟೋದಿಲ್ಲ. ನಮಗೇನು ಚಿಂತೆ?

ನಿಮಗೇ ಚಿಂತೆ ಜಾಸ್ತಿ. ಸಣ್ಣ ಕೂಸಿಗೆ ತಲೆ ಭಾರ, ಕಾಲು ಹಗುರ. ಬಕೀಟಿನಲ್ಲಿ ಇಣುಕಿದರೆ ತಲೆಕೆಳಗಾಗಿ ಬೀಳುತ್ತದೆ, ಮತ್ತೆ ತಾನಾಗಿ ಏಳೋದಿಲ್ಲ. ಮೂಗು-ಬಾಯಿ ಮುಳುಗುವಷ್ಟು, ನಾಲ್ಕು ಬೆರಳು ನೀರಿದ್ದರೂ ಸಾಕು. ಪ್ರಪಂಚದ ಲೆಕ್ಕ ನೋಡಿದರೂ ಮುಳುಗಿ ಸಾಯುವವರಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ಪ್ರಮಾಣವೇ ಹೆಚ್ಚು.

ನಮ್ಮ ಕಡೆ ನಳ ದಿನಾ ಬರೋದಿಲ್ಲ. ಅದಕ್ಕೇ ಬ್ಯಾರಲ್, ಹಂಡೆ, ಸಂಪು, ದನದ ನೀರಿನ ತೊಟ್ಟಿ, ಎಲ್ಲ ತುಂಬಿ ಇಟ್ಟಿರುತ್ತೇವೆ. ತುಂಬಿಡಬೇಡಿ ಅಂದರೆ ಯಾರು ಕೇಳುತ್ತಾರೆ? ಮುಚ್ಚಿಡಿ ಅನ್ನುತ್ತೇನೆ. ಬ್ಯಾರಲ್ ಮೇಲೆ ತಟ್ಟೆ ಇಟ್ಟರೆ ಮುಚ್ಚಿದಂತಲ್ಲ, ಬಿಗಿಯಾಗಿ ಕೂರುವ ಮುಚ್ಚಳ ಬೇಕು. ಸಂಪಿನ ಮುಚ್ಚಳಕ್ಕೆ ಕೊಂಡಿ, ಕೊಂಡಿಗೆ ಬೀಗ. ಬಚ್ಚಲಮನೆಗೆ ಮೇಲಿನ ಚಿಲಕ. ಕೆಲಸ ಮುಗಿದ ಬಕೀಟು ಬೋರಲು ಹಾಕಿ. ಅಷ್ಟೇ.

ರಜೆಯಲ್ಲಿ ಮನೆ ತುಂಬ ಜನ ಇರ್ತೀವಿ. ಯಾರಾದರೊಬ್ಬರು ನೋಡ್ತಾನೇ ಇರ್ತಾರೆ ಅಲ್ವಾ?

ಇಲ್ಲ. ಜನ ಹೆಚ್ಚಿದ್ದಷ್ಟೂ ನೋಡುವವರು ಕಡಿಮೆ. ಇದನ್ನು ನನ್ನ ಮನೆಯಲ್ಲೇ ಕಲಿತೆ.

ಭಾವನ ತೋಟದಲ್ಲಿ ಊಟಕ್ಕೆ ಸೇರಿದ್ದೆವು. ದೊಡ್ಡವರೇ ಒಂಬತ್ತು ಜನ. ಮಾವಿನ ಗಿಡದ ಕೆಳಗೆ ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ. ಊಟ ಮುಗಿದು ಎಲೆ ಎತ್ತುವಾಗ ಅಕ್ಕ ಕೇಳಿದಳು, "ಸಣ್ಣಾಂವ ಎಲ್ಲಿ?" ಭಾವ ನನ್ನ ಕಡೆ ನೋಡಿದ. "ನಿಮ್ಮ ಕೂಡ ಅದಾನ ಅಂತ ಮಾಡಿದ್ನಿ." ನಾನು ಅವನು ಅವ್ವನ ಹತ್ತಿರ ಇದ್ದಾನೆ ಅಂದುಕೊಂಡಿದ್ದೆ. ಅವ್ವ, ಅಕ್ಕನ ಹತ್ತಿರ ಅಂದುಕೊಂಡಿದ್ದಳು.

ಏಳು ವರ್ಷದ ಹುಡುಗ, ಬೆಂಗಳೂರಲ್ಲಿ ಬೆಳೆದವನು. ಹೊಂಡದ ಏರಿ ಮೇಲೆ ಮೊಣಕಾಲೂರಿ ಕೂತಿದ್ದ. ಕೈಯಲ್ಲೊಂದು ತೊಗರಿ ಕಟ್ಟಿಗೆ. ನೀರ ಮೇಲೆ ಅವನ ನೀಲಿ ಚಪ್ಪಲಿ ಒಂದೇ ತೇಲುತ್ತಿತ್ತು, ಕಟ್ಟಿಗೆ ತಾಗಿದಷ್ಟೂ ದೂರ ಹೋಗುತ್ತಿತ್ತು. ಅವನು ಮುಂದೆ ಬಾಗುತ್ತಿದ್ದ. ನಾನು ಕೂಗಲಿಲ್ಲ, ಕೂಗಿದರೆ ಬೆಚ್ಚಿ ಜಾರುತ್ತಾನೆ ಅನ್ನಿಸಿತು. ಹಿಂದಿನಿಂದ ಹೋಗಿ ಚಡ್ಡಿ ಹಿಡಿದು ಎಳೆದೆ. ಹೊಂಡದಲ್ಲಿ ಹಗ್ಗ ಇಳಿಬಿಟ್ಟಿದ್ದು, ಇಳಿದು ನೋಡಿದ್ದು ಎಲ್ಲ ಅದರ ಮರುವಾರ. ಮೊದಲೇ ಮಾಡಬೇಕಿತ್ತು, ಮಾಡಿರಲಿಲ್ಲ.

ಅಂದಿನಿಂದ ನಮ್ಮಲ್ಲಿ ಪಾಳಿ ಇದೆ. ನೀರು ಹತ್ತಿರ ಇರುವ ಜಾಗದಲ್ಲಿ ಒಬ್ಬರ ಹೆಗಲ ಮೇಲೆ ಕೆಂಪು ವಲ್ಲಿ, ಅಂದರೆ ಹೆಗಲ ವಸ್ತ್ರ. ವಲ್ಲಿ ಇದ್ದವರು ಮಾತಾಡುವಂತಿಲ್ಲ, ಮೊಬೈಲ್ ನೋಡುವಂತಿಲ್ಲ, ಎಲೆ-ಅಡಿಕೆಗೂ ಏಳುವಂತಿಲ್ಲ. ಅರ್ಧ ತಾಸಿಗೆ ಇನ್ನೊಬ್ಬರ ಹೆಗಲಿಗೆ ಹಾಕಿ, "ಈಗ ನಿನ್ನ ಪಾಳಿ" ಅಂತ ಬಾಯಿಬಿಟ್ಟು ಹೇಳಬೇಕು. ಮೊದಮೊದಲು ಎಲ್ಲರೂ ನಕ್ಕರು. ಈಗ ನನ್ನ ಎಂಟು ವರ್ಷದ ಮಗಳೇ "ವಲ್ಲಿ ಯಾರ ಹತ್ರ ಐತಿ?" ಅಂತ ಕೇಳುತ್ತಾಳೆ. ಹೊತ್ತು ಬಂದರೆ ನೀರಿಗೆ ಎಸೆಯಲೂ ಅದೇ ವಲ್ಲಿ ಆಗುತ್ತದೆ. ಕುಡಿದವರಿಗೆ ವಲ್ಲಿ ಇಲ್ಲ. ದೊಡ್ಡ ಮಗುವಿಗೂ ಇಲ್ಲ: ಹತ್ತು ವರ್ಷದ ಅಕ್ಕನಿಗೆ ಮೂರು ವರ್ಷದ ತಮ್ಮನನ್ನು ನೀರ ಹತ್ತಿರ ಒಪ್ಪಿಸೋದು ಇಬ್ಬರಿಗೂ ಅನ್ಯಾಯ.

ಮುಳುಗುವಾಗ ಮಗು ಕೂಗುತ್ತೆ, ಕೈ ಬಡಿಯುತ್ತೆ, ಗೊತ್ತಾಗೋದಿಲ್ವಾ?

ಸಿನಿಮಾದಲ್ಲಿ ಗೊತ್ತಾಗುತ್ತದೆ. ನಿಜವಾಗಿ ಮುಳುಗುವ ಮಗು ಕೂಗೋದಿಲ್ಲ. ಬಾಯಿ ನೀರಿನ ಮೇಲೆ ಬಂದ ಚಣದಲ್ಲಿ ಉಸಿರು ಎಳೆಯೋದೇ ಆಗುತ್ತದೆ, ಕೂಗಲು ಉಸಿರೇ ಇರೋದಿಲ್ಲ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟಕ್ಕೆ ಬಂದು, ಕೈ ಎರಡೂ ಪಕ್ಕಕ್ಕೆ ಚಾಚಿ ನೀರನ್ನು ಕೆಳಗೆ ಒತ್ತುತ್ತಿರುತ್ತದೆ. ದೂರದಿಂದ ನೋಡಿದರೆ ಆಡುತ್ತಿದೆ ಅನ್ನಿಸುತ್ತದೆ. ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ. ಮಕ್ಕಳ ಗದ್ದಲ ಒಮ್ಮೆಲೇ ನಿಂತರೆ ಮೊದಲು ನೀರು ನೋಡಿ.

ಈಜು ಯಾವಾಗ ಕಲಿಸಬೇಕು? ಬಾವಿಯಲ್ಲೇ ಕಲಿಸಬಹುದಾ?

ಆರು ವರ್ಷ ದಾಟಿದ ಮೇಲೆ. ಅದಕ್ಕೂ ಚಿಕ್ಕವರಿಗೆ ನೀರಿನ ಹೆದರಿಕೆ ಬಿಡಿಸಬಹುದು. ಆದರೆ ಹೆದರಿಕೆ ಬಿಟ್ಟು ಈಜು ಬರದ ಮಗು ಇನ್ನೂ ಅಪಾಯ, ನೆನಪಿರಲಿ.

ಬಾವಿಯಲ್ಲಿ ಕಲಿಸಬಹುದು, ಮೆಟ್ಟಿಲಿದ್ದರೆ ಮಾತ್ರ. ನಮ್ಮಪ್ಪ ನನಗೆ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಕಲಿಸಿದರು. ನಾನು ಐದು ಲೀಟರಿನ ಎಣ್ಣೆ ಕ್ಯಾನು ಕಟ್ಟುತ್ತೇನೆ. ಮುಚ್ಚಳಕ್ಕೆ ಸೈಕಲ್ ಟ್ಯೂಬಿನ ತುಂಡು ಹಾಕಿ ಬಿಗಿಯಬೇಕು, ಗಾಳಿ ಸೋರಿದರೆ ಕ್ಯಾನಿನಲ್ಲಿ ನೀರು ತುಂಬುತ್ತದೆ. ಮಗುವಿನ ಸೊಂಟಕ್ಕೆ ಹಗ್ಗ, ಹಗ್ಗದ ಇನ್ನೊಂದು ತುದಿ ನನ್ನ ಕೈಯಲ್ಲಿ. ಒಂದು ಸಲಕ್ಕೆ ಒಬ್ಬರೇ.

ಮೊದಲ ವಾರ ಕೈಕಾಲು ಬಡಿಯೋದು ಕಲಿಸೋದೇ ಇಲ್ಲ. ಅಂಗಾತ ಮಲಗಿ ತೇಲೋದು ಕಲಿಸುತ್ತೇನೆ. ಕಿವಿ ನೀರೊಳಗೆ, ಗದ್ದ ಮೇಲೆ, ಹೊಟ್ಟೆ ಉಬ್ಬಿಸಿ. ಹುಡುಗರಿಗೆ ಬೇಜಾರು, "ಸರ್, ಜಿಗಿಯೋದು ಯಾವಾಗ್ರಿ?" ಅಂತ ಪೀಡಿಸುತ್ತಾರೆ. ಆದರೆ ದಣಿದಾಗ ಉಳಿಸೋದು ತೇಲೋದೇ. ಮತ್ತೆ, ನೀರಿಗೆ ದೂಡಿ ಕಲಿಸುವ ಮಾವಂದಿರಿಗೆ ಒಂದು ಮಾತು: ಹಾಗೆ ಕಲಿತವರು ನಿಮಗೆ ಕಾಣುತ್ತಾರೆ, ಕಲಿಯದೆ ಹೋದವರು ಕಾಣೋದಿಲ್ಲ.

ಹೆಣ್ಣುಮಕ್ಕಳಿಗೆ ಯಾಕೆ ಬೇಕು?

ನೀರು ತರುವವರು ಅವರು, ಅರಿವೆ ಒಗೆಯುವವರು ಅವರು, ತಮ್ಮನನ್ನು ಎತ್ತಿಕೊಂಡು ದಂಡೆಗೆ ಹೋಗುವವರೂ ಅವರೇ. ಅವರಿಗೇ ಮೊದಲು ಬೇಕು. ನಮ್ಮಲ್ಲಿ ಬೆಳಗ್ಗೆ ಆರಕ್ಕೆ ಹುಡುಗಿಯರ ಪಾಳಿ, ಚೂಡಿದಾರ ಪ್ಯಾಂಟು, ಟೀ ಶರ್ಟು ಹಾಕಿ ಬರುತ್ತಾರೆ. ವೇಲು ಮಾತ್ರ ಮನೆಯಲ್ಲಿ.

ಗಾಳಿ ತುಂಬುವ ಟ್ಯೂಬ್, ತೋಳಿಗೆ ಹಾಕುವ ಬಲೂನು ಸಾಕಾ?

ಅವು ಆಟದ ಸಾಮಾನು. ಟ್ಯೂಬ್ ಮಗುಚಿದರೆ ಮಗು ತಲೆಕೆಳಗಾಗಿ ಸಿಕ್ಕಿಕೊಳ್ಳುತ್ತದೆ. ತೆಪ್ಪ, ದೋಣಿ ಹತ್ತುವಾಗ ಮಗುವಿನ ಅಳತೆಯ ಲೈಫ್ ಜಾಕೆಟ್ ಬೇಕು, ಕೆಳಗಿನ ಪಟ್ಟಿ ಬಿಗಿದೇ ಹಾಕಬೇಕು. ದೊಡ್ಡವರ ಜಾಕೆಟ್ ಹಾಕಿದರೆ ಮಗು ಅದರಿಂದ ಕೆಳಗೆ ಜಾರಿಹೋಗುತ್ತದೆ. ಇಲ್ಲ ಅಂದರೆ ಹತ್ತಬೇಡಿ.

ಪಟ್ಟಣದ ಈಜುಕೊಳ ಪರವಾಗಿಲ್ವಾ?

ಹೊಂಡಕ್ಕಿಂತ ಎಷ್ಟೋ ಮೇಲು. ದುಡ್ಡು ಕಟ್ಟುವ ಮೊದಲು ಎರಡು ನೋಡಿ: ಕಾವಲಿನವರು ನೀರು ನೋಡುತ್ತಿದ್ದಾರೋ ಮೊಬೈಲ್ ನೋಡುತ್ತಿದ್ದಾರೋ, ಮತ್ತು ತಳ ಕಾಣುವಷ್ಟು ನೀರು ತಿಳಿ ಇದೆಯೋ ಇಲ್ಲವೋ. ಮಗುವಿಗೆ ಮೂರ್ಛೆ ರೋಗ ಇದ್ದರೆ ಮೊದಲೇ ಹೇಳಿ, ಕೈಗೆಟುಕುವಷ್ಟು ಹತ್ತಿರ ಒಬ್ಬರು ನೀರಲ್ಲೇ ಇರಿ.

ಯಾರೋ ಮುಳುಗುತ್ತಿದ್ದಾರೆ. ಏನು ಮಾಡಲಿ?

ಜಿಗಿಯಬೇಡಿ. ಈಜು ಬಂದರೂ ಅದು ಕಡೇ ದಾರಿ. ಮುಳುಗುವವರು ಕೈಗೆ ಸಿಕ್ಕವರ ಮೇಲೆ ಹತ್ತುತ್ತಾರೆ. ಒಬ್ಬ ಜಾರಿದ, ತಮ್ಮ ಹೋದ, ಅಪ್ಪ ಹೋದ ಅನ್ನುವ ಸುದ್ದಿ ನಮ್ಮ ಕಡೆ ಪ್ರತಿ ಬೇಸಿಗೆ ಬರೋದು ಇದರಿಂದಲೇ.

ಕೂಗಿ ಜನ ಕರೆಯಿರಿ. ದಂಡೆ ಮೇಲೆ ಬೋರಲು ಮಲಗಿ ಕೋಲು, ಗಳ, ಪಂಚೆ, ಸೀರೆ, ಏನಾದರೂ ಚಾಚಿ. ದೂರ ಇದ್ದರೆ ಮುಚ್ಚಿದ ಖಾಲಿ ಕ್ಯಾನು, ಪ್ಲಾಸ್ಟಿಕ್ ಕೊಡ, ಟೈರ್ ಟ್ಯೂಬು ಎಸೆಯಿರಿ. ಒಬ್ಬರು 112ಕ್ಕೆ ಫೋನ್ ಹಚ್ಚಲಿ, ಆಂಬುಲೆನ್ಸಿಗೆ 108. ಮಕ್ಕಳಿಗೂ ಇದನ್ನು ಆಟದ ಹಾಗೆ ಕಲಿಸಿ. ನಾನು ಮೈದಾನದಲ್ಲಿ ಸುಣ್ಣದ ಗೆರೆ ಎಳೆದು, ಗೆರೆ ದಾಟದೆ ವಲ್ಲಿ ಎಸೆದು ಗೆಳೆಯನನ್ನು ಎಳೆಯಲು ಹೇಳುತ್ತೇನೆ. ಕಬಡ್ಡಿಗಿಂತ ಜಾಸ್ತಿ ಗಲಾಟೆ ಆಗೋದು ಅದಕ್ಕೇ.

ಮೇಲೆ ತಂದೆವು, ಉಸಿರಿಲ್ಲ. ಮುಂದೆ?

ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಹತ್ತು ಸೆಕೆಂಡಿಗಿಂತ ಹೆಚ್ಚು ನೋಡುತ್ತ ಕೂರಬೇಡಿ. ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿ ಇಟ್ಟು ಐದು ಸಲ ಉಸಿರು ಊದಿ. ಎದೆ ಏರಬೇಕು. ನೀರಿಗೆ ಬಿದ್ದವರಿಗೆ ಕಡಿಮೆಯಾಗಿರೋದು ಗಾಳಿ, ಅದಕ್ಕೇ ಊದೋದು ಮೊದಲು. ಆಮೇಲೆ ಎದೆಯ ನಡುವೆ ಅಂಗೈ ಬುಡದಿಂದ 30 ಸಲ ಒತ್ತಿ, 2 ಸಲ ಊದಿ, ಮತ್ತೆ 30. ಎದೆಯ ದಪ್ಪದ ಮೂರನೇ ಒಂದು ಭಾಗ ಒಳಗೆ ಹೋಗುವಷ್ಟು ಒತ್ತಬೇಕು, ನಿಮಿಷಕ್ಕೆ 100ರಿಂದ 120ರ ವೇಗ. ಎಳೇ ಕೂಸಾದರೆ ಎರಡೂ ಕೈಯಿಂದ ಎದೆ ಸುತ್ತಿ ಹಿಡಿದು ಎರಡು ಹೆಬ್ಬೆರಳಿನಿಂದ ಒತ್ತಿ, ಮೂಗು-ಬಾಯಿ ಎರಡೂ ಸೇರಿಸಿ ಊದಿ. ನೊರೆ ಬಂದರೆ ಒರೆಸುತ್ತ ಕೂರಬೇಡಿ. 108 ಬರುವವರೆಗೆ, ಇಲ್ಲವೇ ಮಗು ಉಸಿರಾಡುವವರೆಗೆ ನಿಲ್ಲಿಸಬೇಡಿ. ಉಸಿರು ಬಂದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ.

ಹೊಟ್ಟೆ ಒತ್ತಬೇಡಿ. ಕಾಲು ಹಿಡಿದು ತಿರುಗಿಸಬೇಡಿ. ತಲೆಕೆಳಗೆ ಜೋತುಬಿಡಬೇಡಿ. ಹೊಟ್ಟೆಯ ನೀರು ಬಾಯಿಗೆ ಬಂದು ಮತ್ತೆ ಉಸಿರಿನ ದಾರಿಗೇ ಹೋಗುತ್ತದೆ, ಅಷ್ಟು ಹೊತ್ತೂ ದಂಡ.

ಉಪ್ಪಿನಲ್ಲಿ ಇಟ್ಟರೆ ಜೀವ ಬರುತ್ತೆ ಅಂತ ವಾಟ್ಸಾಪಿನಲ್ಲಿ ಬಂದಿತ್ತು?

ಬರೋದಿಲ್ಲ. ಬಳ್ಳಾರಿ, ಹಾವೇರಿ ಜಿಲ್ಲೆಗಳಲ್ಲಿ ಇದನ್ನು ನಂಬಿ ಮಕ್ಕಳ ದೇಹವನ್ನು ತಾಸುಗಟ್ಟಲೆ ಉಪ್ಪಿನ ರಾಶಿಯಲ್ಲಿ ಇಟ್ಟು ಕಾದಿದ್ದರು. ಆ ತಂದೆ-ತಾಯಿಯರನ್ನು ನಾನು ಬೈಯಲಾರೆ. ಆ ಮೆಸೇಜನ್ನು ಮುಂದೆ ಕಳಿಸಿದವರನ್ನು ಬೈಯಬಲ್ಲೆ.

ಮಗು ಎದ್ದು ಕೂತು ಚಹಾ ಕುಡಿಯಿತು. ಆಸ್ಪತ್ರೆ ಬೇಕಾ?

ನೀರು ಕುಡಿದು ಎಚ್ಚರ ತಪ್ಪಿದ್ದರೆ, ಊದಿ ಉಸಿರು ತರಿಸಿದ್ದರೆ, ಕೆಮ್ಮು ನಿಲ್ಲದಿದ್ದರೆ ಹೋಗಲೇಬೇಕು. ಶ್ವಾಸಕೋಶಕ್ಕೆ ಹೋದ ನೀರು ಕೆಲವು ತಾಸು ಬಿಟ್ಟು ತೊಂದರೆ ಕೊಡಬಹುದು. ಒಂದು ದಿನ ಪೂರ್ತಿ ಗಮನಿಸಿ: ಏದುಸಿರು, ಅತಿಯಾದ ಮಂಪರು, ವಾಂತಿ.

ನನ್ನ ಮಗ ಹದಿನೈದರವ. ಹೇಳಿದರೆ ಕೇಳೋದಿಲ್ಲ.

ಈ ವಯಸ್ಸಿನವರಿಗೆ ಎರಡು ದಿನ ಕೆಟ್ಟವು. ಒಂದು, ಬಣ್ಣದ ದಿನ: ಬಾಗಲಕೋಟೆಯಂಥ ಕಡೆ ಹೋಳಿ ಅಂದರೆ ಕೇಳಬೇಕೇ, ಬಣ್ಣ ತೊಳೆಯಲು ಗುಂಪುಗುಂಪಾಗಿ ಹೊಳೆಗೆ ಓಡುತ್ತಾರೆ. ಇನ್ನೊಂದು, ಎಸ್ಸೆಸ್ಸೆಲ್ಸಿ ಕಡೇ ಪೇಪರಿನ ದಿನ. ಆ ಎರಡು ದಿನ ನಾನು ಸಂಜೆವರೆಗೆ ಬಾವಿ ದಂಡೆಯಲ್ಲೇ ಕೂರುತ್ತೇನೆ. "ಇಲ್ಲಿಗೇ ಬರ್ರಿ, ನಾ ಅದೀನಿ" ಅಂತ ಮೊದಲೇ ಹೇಳಿರುತ್ತೇನೆ. ಬೇಡ ಅಂದರೆ ಕದ್ದು ಹೋಗುತ್ತಾರೆ, ಬನ್ನಿ ಅಂದರೆ ಕಣ್ಣ ಮುಂದೆ ಇರುತ್ತಾರೆ.

ಇನ್ನೂ ಒಂದು ಮಾತನ್ನು ಮನೆಯಲ್ಲಿ ಇವತ್ತೇ ಆಡಿ. ಗೆಳೆಯ ಮುಳುಗಿದಾಗ ಹುಡುಗರು ಎಷ್ಟೋ ಸಲ ಹೆದರಿ ಮನೆಗೆ ಬಂದು ಸುಮ್ನೆ ಮಲಗಿಬಿಡುತ್ತಾರೆ. ಅವನ ಬಟ್ಟೆ ಮುಚ್ಚಿಟ್ಟವರೂ ಉಂಟು. ಹೊಡೆತದ ಭಯ. "ಏನೇ ಆಗಿರಲಿ, ಓಡಿ ಬಂದು ಹೇಳು, ಬೈಯೋದಿಲ್ಲ" ಅಂತ ಹೇಳಿ. ಹೇಳಿದ ಮೇಲೆ ನಿಜವಾಗಿಯೂ ಬೈಯಬೇಡಿ.

ಕೊಳವೆ ಬಾವಿಯನ್ನೂ ಇದರಲ್ಲಿ ಸೇರಿಸ್ತೀರಾ?

ಅದರಲ್ಲಿ ನೀರೇ ಇರೋದಿಲ್ಲ ಅನ್ನೋದು ಬೇರೆ ಮಾತು. ನೀರು ಹುಡುಕಿ ತೋಡಿದ್ದೇ ತಾನೇ, ಸೇರಿಸುತ್ತೇನೆ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಇನ್ನೂ ಎರಡು ವರ್ಷ ತುಂಬದ ಕೂಸು ತೆರೆದ ಕೊಳವೆ ಬಾವಿಗೆ ಬಿತ್ತು. ಸುಮಾರು 20 ತಾಸು ಜಿಲ್ಲೆಗೆ ಜಿಲ್ಲೆಯೇ ಟಿವಿ ಮುಂದೆ ಕೂತಿತ್ತು. ಜೀವಂತ ಹೊರಗೆ ತಂದರು.

ಅವತ್ತು ರಾತ್ರಿ ನನಗೆ ನಮ್ಮ ಹೊಲದ ಬಡಗಣ ಮೂಲೆಯ ಬೋರು ನೆನಪಾಯಿತು. ನೀರು ಬೀಳದ ಬೋರು. ಬಾಯಿಗೆ ಒಂದು ಚಪ್ಪಡಿ ಕಲ್ಲು ಇಟ್ಟಿದ್ದೆವು. ಬೆಳಗ್ಗೆ ಹೋಗಿ ನೋಡಿದರೆ ಕಲ್ಲು ಪಕ್ಕಕ್ಕೆ ಸರಿದಿತ್ತು, ಯಾರೋ ಕುರಿ ಕಾಯುವವರು ಕೂರಲು ತೆಗೆದುಕೊಂಡಿರಬೇಕು. ವೆಲ್ಡಿಂಗ್ ಅಂಗಡಿಯವನನ್ನು ಗಾಡಿಯಲ್ಲಿ ಕೂರಿಸಿಕೊಂಡು ಬಂದು, ಕೇಸಿಂಗ್ ಪೈಪಿಗೆ ಕಬ್ಬಿಣದ ಮುಚ್ಚಳ ಬೆಸೆಸಿ, ಸುತ್ತ ಎರಡು ಅಡಿ ಕಾಂಕ್ರೀಟ್ ಹಾಕಿಸಿದೆ. ಮಧ್ಯಾಹ್ನದ ಊಟದೊಳಗೆ ಕೆಲಸ ಮುಗಿಯಿತು.